ಓಟದ ಜೊತೆ ಊರ ಕೆಲಸ

ಪ್ರಶ್ನೆ: ನಾವು ಏಳೆಂಟು ಗೆಳೆಯರು ಬೆಳಿಗ್ಗೆ ಅಪ್ಪನ ಕೆರೆ ಕಡೆ ಓಡುತ್ತೇವೆ. ಸುಮ್ನೆ ಓಡುವ ಬದಲು ಊರಿಗೂ ಏನಾದ್ರೂ ಮಾಡೋಣ ಅಂತಿದ್ದೇವೆ. ಹೇಗೆ ಶುರು ಮಾಡಬೇಕು ಅಕ್ಕ?
– ಒಬ್ಬ ಓದುಗ, ಕಲಬುರಗಿ

ಉತ್ತರ: ತುಂಬಾ ಖುಷಿಯಾಯಿತು ತಮ್ಮಾ. ಲಂಡನ್ನಿನಲ್ಲಿ 2009ರಲ್ಲೇ ‘ಗುಡ್‌ಜಿಮ್’ ಎಂಬ ಗುಂಪು ಇದನ್ನು ಶುರು ಮಾಡಿತು. ಒಟ್ಟಿಗೆ ಓಡಿ ಹೋಗುವುದು, ಅಲ್ಲೊಂದು ಕೆಲಸ ಮಾಡುವುದು, ಮತ್ತೆ ಓಡಿ ಬರುವುದು. ಒಂಟಿಯಾಗಿರುವ ಹಿರಿಯರ ಮನೆಗೂ ಹೋಗಿ ಮಾತಾಡಿಸುತ್ತಾರೆ. ನನಗೆ ಅದೇ ಜಾಸ್ತಿ ಇಷ್ಟ.

ನೀವು ವಾರಕ್ಕೊಂದು ದಿನ ಇಟ್ಟುಕೊಳ್ಳಿ, ಸಸಿ ನೆಡುವುದು, ಕಸ ಆರಿಸುವುದು ಇಂಥ ಕೆಲಸ ಮಾಡಿ. ನಮ್ಮ ಬಿಸಿಲು ಗೊತ್ತಲ್ವಾ, ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟುತ್ತದೆ. ಆಗ ಸಸಿ ನೆಡಬೇಡಿ, ನೆಟ್ಟವಕ್ಕೆ ನೀರು ಹಾಕಿ. ಹೊಸ ಸಸಿಗೆ ಮಳೆ ಶುರುವಾಗಲಿ. ಗಿಡ ನೆಟ್ಟು ಫೋಟೊ ತೆಗೆಸಿಕೊಂಡು ಮರೆತುಬಿಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಶಾಲೆಯ ಅಂಗಳವಾದರೆ ಹೆಡ್ ಮಾಸ್ತರರನ್ನು, ಕೆರೆ ದಂಡೆಯಾದರೆ ಪಾಲಿಕೆಯವರನ್ನು ಮೊದಲು ಕೇಳಿ. ಒಡೆದ ಬಾಟಲಿಗಳು ಇರುತ್ತವೆ, ದಪ್ಪ ಗ್ಲೌಸ್ ಬೇಕೇ ಬೇಕು. ಆರಿಸಿದ ಕಸವನ್ನು ಅಲ್ಲೇ ಗುಡ್ಡೆ ಹಾಕಿ ಬರಬೇಡಿ, ಕಸದ ಗಾಡಿಗೆ ಕೊಡಿ. ಓಡಲಾಗದವರು ನಡೆದೇ ಬರಲಿ, ಅವರನ್ನು ಮಾತ್ರ ಬಿಡಬೇಡಿ.