ಲೇಸರ್ ಕೆಟ್ಟಿಲ್ಲ, ಸೆಕೆ ಜಾಸ್ತಿ ಆಗಿದೆ

ಧಾರವಾಡದ ಲ್ಯಾಬಿನಲ್ಲಿ ಮಧ್ಯಾಹ್ನವಾದರೆ ರುಬಿಡಿಯಂ ಗೆರೆ (ರುಬಿಡಿಯಂ ಪರಮಾಣು ಹೀರುವ ಬೆಳಕಿನ ನಿರ್ದಿಷ್ಟ ಆವರ್ತನ) ಕೈತಪ್ಪುತ್ತದೆ, ಲೇಸರ್ ಕೆಟ್ಟಿತಾ ಅಂತ ಕೇಳಿದ್ದೀರಿ. ಇಲ್ಲ, ಹೆದರಬೇಡಿ. 780 ನ್ಯಾನೋಮೀಟರಿನ ಸಾದಾ ಲೇಸರ್ ಡಯೋಡ್ ಒಂದು ಡಿಗ್ರಿ ಕಾದರೂ ಅದರ ಬೆಳಕಿನ ಆವರ್ತನ ಹತ್ತಾರು ಗಿಗಾಹರ್ಟ್ಸ್ ಸರಿಯುತ್ತದೆ. ಆ ಗೆರೆಯ ಸಹಜ ಅಗಲ ಬರೀ 6 ಮೆಗಾಹರ್ಟ್ಸ್! ಪರಮಾಣುಗಳ ಓಡಾಟದಿಂದ ಅದು ಸುಮಾರು 500 ಮೆಗಾಹರ್ಟ್ಸ್‌ಗೆ ಹರಡಿಕೊಳ್ಳುತ್ತದೆ. ಅದಕ್ಕೇ ಎದುರಿನಿಂದ ಇನ್ನೊಂದು ಕಿರಣ ಬಿಟ್ಟು, ಹರಡಿದ ಗೆರೆಯ ನಡುವೆ ಕಾಣುವ ಸಣ್ಣ ತಗ್ಗಿಗೇ ಲೇಸರನ್ನು ಲಾಕ್ ಮಾಡಬೇಕು, ಅಂದರೆ ಅದರ ಆವರ್ತನವನ್ನು ಅಲ್ಲೇ ಹಿಡಿದು ನಿಲ್ಲಿಸಬೇಕು.

ಅದಕ್ಕೂ ಮುಂಚೆ ಮೇಲೆ ನೋಡಿ, ಫ್ಯಾನ್ ಇದೆಯಾ? ಪಿಎಚ್‌ಡಿ ಮೊದಲ ವರ್ಷದ ಏಪ್ರಿಲ್‌ನಲ್ಲಿ ಮೂರು ವಾರ ಸರ್ಕ್ಯೂಟ್ ಬಿಚ್ಚಿ ಕೂತಿದ್ದೆ. ಫ್ಯಾನ್ ಗಾಳಿ ನೇರ ಲೇಸರಿಗೆ ಬಡಿಯುತ್ತಿತ್ತು. ಥರ್ಮಾಕೋಲ್ ಡಬ್ಬಿ ಮುಚ್ಚಿದೆ, ಗೆರೆ ನಿಂತಿತು. ನೀವೂ ಮುಚ್ಚಿ ನೋಡಿ, ಏನಾಯ್ತು ಅಂತ ಇಲ್ಲೇ ತಿಳಿಸಿ.