ಮೊದಲ ಸಭೆಗೆ ಬಂದವರು ಮೂರನೆಯದಕ್ಕೆ ಏಕೆ ಬರುವುದಿಲ್ಲ?

ದೇವರು, ಧರ್ಮಗಳ ಹಂಗಿಲ್ಲದೆ ಸೇರುವ ಮಾನವತಾವಾದಿ ಬಳಗಗಳಲ್ಲಿ ಉಪನ್ಯಾಸ ಏರ್ಪಡಿಸುವುದು ಹೇಗೆ, ಸ್ವಯಂಸೇವೆ ನಡೆಸುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಬಳಗ ತಿಂಗಳಿಗೊಂದು ಉಪನ್ಯಾಸ ಇಟ್ಟುಕೊಂಡಿದೆ. ಮೊದಲ ಸಲ ಸಭಾಂಗಣ ತುಂಬಿತ್ತು. ಈಗ ಮುಂದಿನ ಸಾಲಿನಲ್ಲೂ ಪದಾಧಿಕಾರಿಗಳೇ, ಹಿಂದಿನ ಸಾಲಿನಲ್ಲೂ ಪದಾಧಿಕಾರಿಗಳೇ. ಭಾಷಣಕಾರರೆಲ್ಲ ತಿಳಿದವರೇ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಕಳೆದ ಆರು ಉಪನ್ಯಾಸಗಳ ಶೀರ್ಷಿಕೆಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡಿ. ಅವುಗಳಲ್ಲಿ ನಾಲ್ಕು ‘ಧರ್ಮ ಏಕೆ ಬೇಡ’ ಎಂಬುದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಅದನ್ನು ಒಪ್ಪುವವರಿಗೆ ಮತ್ತೆ ಕೇಳುವ ಅಗತ್ಯವಿಲ್ಲ. ಒಪ್ಪದವರು ಮೊದಲೇ ಬರುವುದಿಲ್ಲ. ಆರಕ್ಕೆ ಅಂಥದ್ದೊಂದು ಸಾಕು. ಮಿಕ್ಕವು ಜನರ ನಿತ್ಯದ ಪ್ರಶ್ನೆಗಳಿಗಿರಲಿ: ಉಯಿಲು ಬರೆಯುವುದು, ಲಸಿಕೆ ದೇಹದಲ್ಲಿ ಏನು ಮಾಡುತ್ತದೆ, ಸುದ್ದಿಯಲ್ಲಿ ಬರುವ ಅಂಕಿಅಂಶ ಓದುವ ಬಗೆ, ಧಾರ್ಮಿಕ ವಿಧಿಗಳಿಲ್ಲದೆ ಅಂತ್ಯಸಂಸ್ಕಾರ, ದೇಹದಾನ, ಸಾಲದ ಬಡ್ಡಿಯ ಲೆಕ್ಕ. ಫೆಬ್ರುವರಿ 12 ಡಾರ್ವಿನ್ ಹುಟ್ಟಿದ ದಿನ (1809), ಜೂನ್ 21 ವಿಶ್ವ ಮಾನವತಾವಾದ ದಿನ, ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಈ ಮೂರನ್ನು ಮೊದಲು ಗುರುತು ಹಾಕಿಕೊಂಡರೆ ವರ್ಷದ ಕಾಲುಭಾಗದ ಯೋಜನೆ ಮುಗಿದಂತೆ.

ಎರಡನೆಯದು ದಿನ. ಒಂದು ತಿಂಗಳು ಶನಿವಾರ, ಇನ್ನೊಂದು ತಿಂಗಳು ಭಾನುವಾರ ಎಂದಾದರೆ ಜನ ನೆನಪಿಟ್ಟುಕೊಳ್ಳುವುದಿಲ್ಲ. ‘ಎರಡನೇ ಭಾನುವಾರ, ಸಂಜೆ ಐದು’ ಎಂದು ಗೊತ್ತು ಮಾಡಿದರೆ ಭಾಷಣಕಾರರು ಕೈಕೊಟ್ಟರೂ ಸಭೆ ರದ್ದು ಮಾಡಬೇಡಿ. ಆ ದಿನ ಯಾವುದಾದರೂ ಲೇಖನವನ್ನಿಟ್ಟುಕೊಂಡು ಚರ್ಚೆ ನಡೆಸಿ. ಐದಕ್ಕೆ ಎಂದರೆ ಐದಕ್ಕೇ ಶುರುವಾಗಬೇಕು. ತಡವಾಗಿ ಬರುವವರಿಗಾಗಿ ಕಾದರೆ ಹೊತ್ತಿಗೆ ಸರಿಯಾಗಿ ಬಂದವರಿಗೆ ಶಿಕ್ಷೆ ಕೊಟ್ಟಂತೆ. ಮುಂದಿನ ಸಲ ಅವರೂ ತಡವಾಗಿ ಬರುತ್ತಾರೆ.

ಭಾಷಣ 40 ನಿಮಿಷ, ಪ್ರಶ್ನೋತ್ತರ 30 ನಿಮಿಷ, ಆಮೇಲೆ ಚಹಾ ಹೀರುತ್ತ ಮಾತಿಗೆ ಕನಿಷ್ಠ 30 ನಿಮಿಷ. ಈ ಕೊನೆಯ ಅರ್ಧ ಗಂಟೆಯನ್ನು ನುಂಗಿಹಾಕುವ ಬಳಗಗಳೇ ಹೆಚ್ಚು. ಭಾಷಣ ಉದ್ದವಾಯಿತೆಂದು ಚಹಾ ಬಿಡುತ್ತಾರೆ, ಸಭಾಂಗಣದವರು ಬೀಗ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ, ಹೊಸಬರು ಯಾರೊಂದಿಗೂ ಒಂದು ಮಾತಾಡದೆ ಮನೆಗೆ ಹೋಗುತ್ತಾರೆ. ಒಳ್ಳೆಯ ಭಾಷಣ ಅವರಿಗೆ ಫೋನಿನಲ್ಲೂ ಸಿಗುತ್ತದೆ. ಹಾಗಾಗಿ ಸಭಾಂಗಣವನ್ನು ಸಭೆ ಮುಗಿಯುವ ಸಮಯಕ್ಕಿಂತ ಒಂದು ಗಂಟೆ ಹೆಚ್ಚಿಗೆ ಗೊತ್ತುಮಾಡಿ. ಹೊಸಬರನ್ನು ಮಾತಾಡಿಸುವುದಕ್ಕೆಂದೇ ಇಬ್ಬರನ್ನು ನೇಮಿಸಿ. ಆ ಇಬ್ಬರು ಆ ಅರ್ಧ ಗಂಟೆ ಹಳೆಯ ಸ್ನೇಹಿತರ ಜೊತೆ ಹರಟೆಗೆ ನಿಲ್ಲುವಂತಿಲ್ಲ.

ಕುರ್ಚಿಯ ವಿಷಯವೂ ಇದೆ. ಉಚಿತ ಕಾರ್ಯಕ್ರಮಕ್ಕೆ ಬರುತ್ತೇವೆಂದು ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನ ಬಂದರೆ ಹೆಚ್ಚು. 60 ಹೆಸರಿದ್ದರೆ 30 ಕುರ್ಚಿ ಹಾಕಿ, ಮಿಕ್ಕವನ್ನು ಗೋಡೆಗೆ ಒರಗಿಸಿಡಿ. ಹೆಚ್ಚು ಜನ ಬಂದಾಗ ಕುರ್ಚಿ ತಂದು ಹಾಕುವುದು ಸಂಭ್ರಮ. ಖಾಲಿ ಕುರ್ಚಿಗಳ ಎದುರು ಮಾತಾಡುವುದು ಭಾಷಣಕಾರರಿಗೂ ಕೇಳುಗರಿಗೂ ಮುಜುಗರ.

ಪ್ರಶ್ನೆ: ಪ್ರಶ್ನೋತ್ತರದ ಸಮಯದಲ್ಲಿ ಒಬ್ಬಿಬ್ಬರು ಎದ್ದು ತಾವೇ ಭಾಷಣ ಶುರುಮಾಡುತ್ತಾರೆ. ಹಿರಿಯರು, ತಡೆಯಲು ಸಂಕೋಚ. ಕಳೆದ ಸಲ ದೈವಭಕ್ತರೊಬ್ಬರು ಕೇಳಿದ ಪ್ರಶ್ನೆಗೆ ಸಭೆಯೇ ನಕ್ಕುಬಿಟ್ಟಿತು. ನಿಭಾಯಿಸುವುದು ಹೇಗೆ?

ಉತ್ತರ: ಮೈಕು ಯಾರ ಕೈಯಲ್ಲಿದೆಯೋ ಸಭೆ ಅವರದು. ಆದ್ದರಿಂದ ಪ್ರಶ್ನೆ ಕೇಳುವವರಿಗೆ ಮೈಕು ಕೊಡಲೇಬೇಡಿ. ಸ್ವಯಂಸೇವಕರೊಬ್ಬರು ಪಕ್ಕದಲ್ಲಿ ನಿಂತು ಮೈಕನ್ನು ತಮ್ಮ ಕೈಯಲ್ಲೇ ಹಿಡಿದಿರಲಿ. ಪ್ರಶ್ನೆ ಮುಗಿದ ಕೂಡಲೇ ಕೈ ಹಿಂದಕ್ಕೆ ಬರುತ್ತದೆ, ಕಿತ್ತುಕೊಂಡಂತೆ ಕಾಣುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಉಪಾಯ ಚೀಟಿ. ಅಂಗೈಯಗಲದ ಕಾಗದದ ತುಂಡುಗಳನ್ನೂ ಪೆನ್ಸಿಲುಗಳನ್ನೂ ಭಾಷಣಕ್ಕೆ ಮೊದಲೇ ಹಂಚಿ. ಅಷ್ಟು ಸಣ್ಣ ಕಾಗದದಲ್ಲಿ ಭಾಷಣ ಹಿಡಿಯುವುದಿಲ್ಲ. ನಿರೂಪಕರು ಚೀಟಿಗಳನ್ನು ನೋಡಿ, ಒಂದೇ ವಿಷಯದವನ್ನು ಒಟ್ಟುಗೂಡಿಸಿ ಓದುತ್ತಾರೆ. ಎದ್ದು ನಿಂತು ಮಾತಾಡಲು ಹಿಂಜರಿಯುವವರ ಪ್ರಶ್ನೆಗಳೂ ಆಗ ಬರುತ್ತವೆ; ಸಭೆಯ ಒಳ್ಳೆಯ ಪ್ರಶ್ನೆಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಇದರಲ್ಲೊಂದು ಕೊರತೆಯುಂಟು: ಉತ್ತರ ಕೇಳಿದ ಮೇಲೆ ಮರುಪ್ರಶ್ನೆ ಹಾಕಲು ಆಗುವುದಿಲ್ಲ. ಅದಕ್ಕೆ ಮೊದಲ 20 ನಿಮಿಷ ಚೀಟಿಗೆ, ಕೊನೆಯ ಹತ್ತು ಕೈ ಎತ್ತಿದವರಿಗೆ ಎಂದು ಹಂಚಿಕೊಳ್ಳಿ.

ಹಿರಿಯರನ್ನು ತಡೆಯುವ ಸಂಕೋಚ ನಿಯಮವನ್ನು ಮೊದಲೇ ಸಾರಿದರೆ ಅರ್ಧ ಇಳಿಯುತ್ತದೆ: ‘ಒಬ್ಬರಿಗೆ ಒಂದು ಪ್ರಶ್ನೆ, ಅರ್ಧ ನಿಮಿಷ.’ ಮೀರಿದರೆ ನಿರೂಪಕರು ‘ಸಾರ್, ನಿಮ್ಮ ಪ್ರಶ್ನೆ ಯಾವುದು ಅಂತ ಒಂದು ಮಾತಿನಲ್ಲಿ ಹೇಳಿಬಿಡಿ’ ಎನ್ನಲಿ. ಇದನ್ನು ಅವರು ಮೂವತ್ತನೆಯ ಸೆಕೆಂಡಿಗೆ ಹೇಳಿದರೆ ಯಾರಿಗೂ ಬೇಸರವಿಲ್ಲ. ಮೂರು ನಿಮಿಷ ಸುಮ್ಮನಿದ್ದು ಆಮೇಲೆ ಹೇಳಿದರೆ ಅದು ಅವಮಾನವಾಗುತ್ತದೆ.

ಇನ್ನು ನಗು. ಇದು ಸಣ್ಣ ವಿಷಯವಲ್ಲ. ನಂಬಿಕೆಯುಳ್ಳವರೊಬ್ಬರು ನಿಮ್ಮ ಸಭೆಗೆ ಬಂದು ಪ್ರಶ್ನೆ ಕೇಳಿದ್ದೇ ಆ ದಿನದ ಗಳಿಕೆ. ನಿರೂಪಕರು ಆ ಕ್ಷಣವೇ ಪ್ರಶ್ನೆಯನ್ನು ಕೇಳಿದವರಿಗಿಂತ ಚೆನ್ನಾಗಿ, ಬಲವಾಗಿ ಮತ್ತೊಮ್ಮೆ ಹೇಳಬೇಕು. ನಗು ತಾನಾಗಿ ನಿಲ್ಲುತ್ತದೆ. ಭಾಷಣಕಾರರೇ ಗೇಲಿಗಿಳಿದರೆ ಅವರನ್ನು ಮತ್ತೆ ಕರೆಯಬೇಡಿ, ಎಷ್ಟೇ ಹೆಸರುವಾಸಿಯಾಗಿರಲಿ.

ಪ್ರಶ್ನೆ: ಮೈಕು ಪದೇ ಪದೇ ‘ಕುಂಯ್’ ಎಂದು ಕೂಗುತ್ತದೆ. ಹೊಸ ಮೈಕು ಕೊಳ್ಳಬೇಕೇ?

ಉತ್ತರ: ಬೇಡ. ಸ್ಪೀಕರಿನಿಂದ ಹೊರಟ ದನಿ ಮತ್ತೆ ಮೈಕಿನೊಳಕ್ಕೆ ಹೋಗಿ, ವರ್ಧಕದಲ್ಲಿ ಹಿಗ್ಗಿ, ಮತ್ತೆ ಸ್ಪೀಕರಿನಿಂದ ಬರುವುದೇ ಆ ಕೂಗು. ಸ್ಪೀಕರುಗಳನ್ನು ಭಾಷಣಕಾರರ ಹಿಂದೆ ಇಟ್ಟಿದ್ದರೆ ಮುಂದಕ್ಕೆ ತನ್ನಿ. ಅವು ಮೈಕಿಗಿಂತ ಮುಂದೆ, ಸಭಿಕರ ಕಡೆ ಮುಖ ಮಾಡಿ, ಕುಳಿತವರ ತಲೆಗಿಂತ ಎತ್ತರದಲ್ಲಿರಬೇಕು. ಮೈಕು ಬಾಯಿಗೆ ಮೂರು ನಾಲ್ಕು ಬೆರಳಿನ ದೂರದಲ್ಲಿರಲಿ. ದೂರ ಅರ್ಧವಾದರೆ ಮೈಕಿಗೆ ತಲುಪುವ ದನಿಯ ತೀವ್ರತೆ ಸುಮಾರು ನಾಲ್ಕು ಪಟ್ಟಾಗುತ್ತದೆ, ಆಗ ವಾಲ್ಯೂಮ್ ಇಳಿಸಬಹುದು. ಹಾಡುಗಾರರ ಹಾಗೆ ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಕೂಗು ಹೆಚ್ಚುತ್ತದೆ, ಏಕೆಂದರೆ ಹಿಂಬದಿಯಿಂದ ಬರುವ ದನಿಯನ್ನು ತಡೆಯುವ ಅದರ ಗುಣವೇ ಹೋಗಿಬಿಡುತ್ತದೆ. ಬಳಸದ ಮೈಕುಗಳನ್ನು ಆಫ್ ಮಾಡಿಡಿ. ತಂತಿಯಿಲ್ಲದ ಮೈಕಾದರೆ ಪ್ರತಿ ಸಭೆಗೂ ಹೊಸ ಸೆಲ್, ಜೇಬಿನಲ್ಲಿ ಇನ್ನೊಂದು ಜೊತೆ.

ಪ್ರಶ್ನೆ: ‘ಮಂತ್ರದಿಂದ ಬೆಂಕಿ’ ಪವಾಡದ ಗುಟ್ಟನ್ನು ಸಭೆಯಲ್ಲಿ ತೋರಿಸಬೇಕೆಂದಿದ್ದೇವೆ. ತಾಲೀಮಿನಲ್ಲಿ ಒಮ್ಮೆ ಹೊತ್ತಿತು, ಒಮ್ಮೆ ಹೊತ್ತಲಿಲ್ಲ.

ಉತ್ತರ: ಪೊಟ್ಯಾಸಿಯಂ ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಬಿದ್ದಾಗ ಅದು ಉತ್ಕರ್ಷಣಗೊಂಡು, ಶಾಖ ಏರುತ್ತ ಹೋಗಿ ಕಿಡಿ ಹತ್ತುತ್ತದೆ. ಹೊತ್ತದಿರಲು ಸಾಮಾನ್ಯವಾಗಿ ಮೂರು ಕಾರಣ: ಹರಳು ದಪ್ಪ, ವಾತಾವರಣ ತಣ್ಣಗೆ, ಇಲ್ಲವೇ ಗ್ಲಿಸರಿನ್‌ನಲ್ಲಿ ನೀರು. ಗ್ಲಿಸರಿನ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಮುಚ್ಚಳ ಸಡಿಲವಿದ್ದ ಹಳೆಯ ಸೀಸೆ ಬೇಡ.

ಒಂದು ಚಹಾ ಚಮಚದಷ್ಟು ಸಣ್ಣ ಪರ್ಮಾಂಗನೇಟ್ ಹರಳು, ನಡುವೆ ಸಣ್ಣ ಗುಳಿ, ಅದಕ್ಕೆ ಐದಾರು ಹನಿ ಗ್ಲಿಸರಿನ್. ಇದಕ್ಕಿಂತ ಹೆಚ್ಚು ಬೇಡವೇ ಬೇಡ. ಲೋಹದ ತಟ್ಟೆ, ಅದರ ಕೆಳಗೆ ಮರಳು, ಕಣ್ಣಿಗೆ ಕನ್ನಡಕ, ಮೊದಲ ಸಾಲು ಮೂರು ಮೀಟರ್ ದೂರ, ಕಿಟಕಿ ತೆರೆದಿರಬೇಕು, ಪಕ್ಕದಲ್ಲಿ ಬಕೆಟ್ ನೀರು. ಹನಿ ಹಾಕಿ ಹಿಂದೆ ಸರಿಯಿರಿ. ಅರ್ಧ ನಿಮಿಷ ಏನೂ ಆಗದಿರಬಹುದು. ಆಮೇಲೆ ತೆಳ್ಳಗೆ ಹೊಗೆ, ತಟ್ಟನೆ ನಸುನೇರಳೆ ಜ್ವಾಲೆ. ಆ ಬಣ್ಣ ಪೊಟ್ಯಾಸಿಯಂನದು. ಅಪಘಾತ ಆಗುವುದು ಈ ಕಾಯುವ ಹೊತ್ತಿನಲ್ಲೇ: ಹೊತ್ತಲಿಲ್ಲವೆಂದು ಬಗ್ಗಿ ನೋಡುತ್ತಾರೆ, ಕಡ್ಡಿಯಿಂದ ಕೆದಕುತ್ತಾರೆ, ಇನ್ನಷ್ಟು ಸುರಿಯುತ್ತಾರೆ. ಹಾಗೆ ಮಾಡದೆ ಹತ್ತು ನಿಮಿಷ ಬಿಟ್ಟು, ದೂರದಿಂದಲೇ ಧಾರಾಳವಾಗಿ ನೀರು ಹಾಕಿ ಮುಗಿಸಿ. ಮಕ್ಕಳ ಕೈಗೆ ಕೊಡಬೇಡಿ.

ಗುಟ್ಟನ್ನು ನೀವೇ ಮೊದಲು ಹೇಳಿಬಿಡಬೇಡಿ. ‘ಇದು ಮಂತ್ರವೋ ಅಲ್ಲವೋ, ಪರೀಕ್ಷಿಸುವುದು ಹೇಗೆ?’ ಎಂದು ಸಭೆಯನ್ನು ಕೇಳಿ. ಮಂತ್ರ ಹೇಳದೆ ಮಾಡಿ ನೋಡಿ ಎಂದು ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ಆಗ ಹೊಸ ತಟ್ಟೆ ತೆಗೆದುಕೊಳ್ಳಿ.

ಪ್ರಶ್ನೆ: ಸ್ವಯಂಸೇವಕರು ಉತ್ಸಾಹದಿಂದ ಸೇರುತ್ತಾರೆ, ಎರಡು ತಿಂಗಳಲ್ಲಿ ಮಾಯ. ಎಲ್ಲ ಕೆಲಸ ಮೂವರ ಮೇಲೇ ಬೀಳುತ್ತಿದೆ.

ಉತ್ತರ: ‘ಏನಾದರೂ ಸಹಾಯ ಮಾಡುತ್ತೇನೆ’ ಎಂದವರಿಗೆ ‘ಸರಿ, ಹೇಳುತ್ತೇವೆ’ ಎಂದು ಕಳಿಸುವಲ್ಲೇ ಅರ್ಧ ಜನ ಹೋದರು. ಒಂದು ವಾರದೊಳಗೆ ಅವರಿಗೆ ಒಂದು ಕೆಲಸ ಸಿಗಬೇಕು. ಅದಕ್ಕೆ ಆರಂಭ, ಅಂತ್ಯ ಎರಡೂ ಇರಬೇಕು. ‘ಪ್ರಚಾರ ನೋಡಿಕೊಳ್ಳಿ’ ಎಂಬುದು ಕೆಲಸವಲ್ಲ, ತಲೆನೋವು. ‘ಮುಂದಿನ ಮೂರು ಸಭೆಗಳಿಗೆ ನಾಲ್ಕೂವರೆಗೆ ಬಂದು ಬಾಗಿಲ ಬಳಿ ಹೆಸರು ಬರೆದುಕೊಳ್ಳಿ, ಐದೂಕಾಲಿಗೆ ಒಳಗೆ ಬಂದು ಕೂರಿ’ ಎಂಬುದು ಕೆಲಸ. ಮೂರು ಮುಗಿದ ಮೇಲೆ ಕೇಳಿ: ಮುಂದುವರಿಸುತ್ತೀರಾ, ಬೇರೆ ಬೇಕಾ, ಸಾಕಾ? ಸಾಕು ಎನ್ನಲು ಮರ್ಯಾದೆಯ ದಾರಿ ಇದ್ದರೆ ಜನ ಹೇಳದೆ ಕೇಳದೆ ಮಾಯವಾಗುವುದಿಲ್ಲ, ಮರುವರ್ಷ ಮತ್ತೆ ಬರುತ್ತಾರೆ.

ಪ್ರತಿ ಕೆಲಸಕ್ಕೂ ಇಬ್ಬರು: ಒಬ್ಬರು ಬಲ್ಲವರು, ಒಬ್ಬರು ಕಲಿಯುವವರು. ಆ ಮೂವರ ತಲೆಯಲ್ಲಿರುವುದೆಲ್ಲ ಕಾಗದಕ್ಕಿಳಿಯಲಿ: ಸಭಾಂಗಣದ ಬೀಗ ಯಾರ ಬಳಿ, ಮುಖ್ಯ ಸ್ವಿಚ್ ಎಲ್ಲಿ, ಭಾಷಣಕಾರರಿಗೆ ಯಾವ ದಿನ ನೆನಪೋಲೆ. ಬಸ್ಸು, ಜೆರಾಕ್ಸಿಗೆ ಕೈಯಿಂದ ಹಾಕಿದ ದುಡ್ಡನ್ನು ಅದೇ ವಾರ ವಾಪಸ್ ಕೊಡಿ. ಕೇಳಲು ನಾಚಿಕೊಳ್ಳುವವರೇ ಮೊದಲು ಬಿಟ್ಟುಹೋಗುವುದು. ಮಕ್ಕಳಿಗೆ ಪಾಠ, ವೃದ್ಧರ ಮನೆಭೇಟಿಯಂಥ ಕೆಲಸಕ್ಕೆ ಯಾರನ್ನೂ ಒಬ್ಬರನ್ನೇ ಕಳಿಸಬೇಡಿ. ಇದರಲ್ಲಿ ವಿನಾಯಿತಿ ಇಲ್ಲ.

ಪ್ರಶ್ನೆ: ವರ್ಷಕ್ಕೊಂದು ದೊಡ್ಡ ರಕ್ತದಾನ ಶಿಬಿರ ಮಾಡೋಣವೇ?

ಉತ್ತರ: ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಕಣಗಳು) ರಕ್ತನಿಧಿಯಲ್ಲಿ ಸಾಮಾನ್ಯವಾಗಿ ಉಳಿಯುವುದು ಐದು ದಿನ, ಕೆಂಪು ಕಣಗಳು ಹೆಚ್ಚೆಂದರೆ 42 ದಿನ. ಎಲ್ಲ ಸದಸ್ಯರೂ ಒಂದೇ ದಿನ ಕೊಟ್ಟರೆ ಮುಂದಿನ ಕೆಲವು ತಿಂಗಳು ತುರ್ತಿಗೆ ಕೊಡಬಲ್ಲವರು ಬಳಗದಲ್ಲಿ ಯಾರೂ ಇರುವುದಿಲ್ಲ. ಸದಸ್ಯರನ್ನು ನಾಲ್ಕು ಗುಂಪು ಮಾಡಿ, ಸರದಿಯ ಮೇಲೆ ರಕ್ತನಿಧಿಗೆ ಕಳಿಸುವುದು ಮೇಲು. ಶಿಬಿರವನ್ನೇ ಮಾಡುವುದಾದರೆ ನಾಲ್ಕು ಹಾಸಿಗೆಗೆ ಗಂಟೆಗೆ 12 ಜನರಂತೆ ಸಮಯ ಕೊಡಿ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಮೊದಲು ತಿನ್ನಲು ಕೊಡಿ, ಎಲ್ಲರಿಗೂ ಅರ್ಧ ಲೀಟರ್ ನೀರು ಕುಡಿಸಿ. ಕೊಟ್ಟ ಮೇಲೆ ಹದಿನೈದು ನಿಮಿಷ ಕೂರಿಸಿ. ತಲೆಸುತ್ತಿ ಬೀಳುವುದು ಹೆಚ್ಚಾಗಿ ಎದ್ದು ನಡೆಯುವಾಗ.

ಪ್ರಶ್ನೆ: ದೇವಾಲಯವೊಂದರ ಅನ್ನದಾನಕ್ಕೆ ಕೈಜೋಡಿಸಬಹುದೇ?

ಉತ್ತರ: ಧಾರಾಳವಾಗಿ. ಬಡಿಸಲು ಹೋಗಿ, ವಾದಕ್ಕೆ ಹೋಗಬೇಡಿ. ಊಟಕ್ಕೆ ಕೂತವರಿಗೆ ನಿಮ್ಮ ಕರಪತ್ರವೂ ಬೇಡ.

ಪ್ರಶ್ನೆ: ವಾರವಾರ ಸೇರುವುದು, ಭಾಷಣ ಕೇಳುವುದು, ಸೇವೆ ಮಾಡುವುದು... ಇದು ಇನ್ನೊಂದು ಮಠವಾಗುವುದಿಲ್ಲವೇ?

ಉತ್ತರ: ಆಗಬಹುದು, ಎಚ್ಚರ ಬೇಕು. ಸೇರಿ ಕೂರುವುದಂತೂ ಹೊಸದಲ್ಲ. ಫೆಲಿಕ್ಸ್ ಆಡ್ಲರ್ 1876ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ, ದೇವರ ನಂಬಿಕೆಯ ಬದಲು ನೀತಿಯನ್ನು ನೆಲೆಯಾಗಿಸಿಕೊಂಡ ನೈತಿಕ ಸಂಸ್ಕೃತಿಯ ಚಳವಳಿಯಲ್ಲೂ ಭಾನುವಾರದ ಭಾಷಣವಿತ್ತು, ಬಡವರ ಮಕ್ಕಳಿಗೆ ಶಾಲೆಯಿತ್ತು. ತಮ್ಮ ಮೂಲತತ್ವಗಳನ್ನು ಸಾರಲು 1952ರಲ್ಲಿ ಮಾನವತಾವಾದಿಗಳು ಒಪ್ಪಿಕೊಂಡ ಆಮ್‌ಸ್ಟರ್‌ಡ್ಯಾಮ್ ಘೋಷಣೆಯನ್ನು 2002ರಲ್ಲೂ 2022ರಲ್ಲೂ ಅವರೇ ತಿದ್ದಿ ಬರೆದರು. ನಿಮ್ಮ ಬೈಲಾಗೂ (ಬಳಗದ ನಿಯಮಾವಳಿಗೂ) ತನ್ನನ್ನು ತಾನೇ ತಿದ್ದಿಕೊಳ್ಳುವ ಅಂಥ ಏರ್ಪಾಡು ಬೇಕು: ಅಧ್ಯಕ್ಷರಿಗೆ ಎರಡು ಅವಧಿಗಿಂತ ಹೆಚ್ಚಿಲ್ಲ, ಚೆಕ್ಕಿಗೆ ಇಬ್ಬರ ಸಹಿ, ಲೆಕ್ಕಪತ್ರ ಪ್ರತಿ ಮೂರು ತಿಂಗಳಿಗೊಮ್ಮೆ ಸಭಾಂಗಣದ ಬಾಗಿಲಲ್ಲಿ ಅಂಟಿಸಿರಬೇಕು. ವರ್ಷಕ್ಕೊಂದು ಸಭೆಯನ್ನು ಬಳಗದ ನಿಲುವನ್ನೇ ಪ್ರಶ್ನಿಸುವ ಭಾಷಣಕಾರರಿಗೆ ಬಿಟ್ಟುಕೊಡಿ. ಆ ಸಭೆಗೆ 30 ಕುರ್ಚಿ ಸಾಲುವುದಿಲ್ಲ.