ಪಿಚರ್ ಆಗಿದ್ದವರು ಕಾಲೇಜು ಕೋಚ್ ಆಗೋದು ಸೋತವರ ದಾರಿನಾ?

ನಿಮ್ಮ ಅಕ್ಕನ ಮಗ ಅಮೆರಿಕದಲ್ಲಿ ಕಾಲೇಜು ಬೇಸ್‌ಬಾಲ್ ತಂಡದ ಪಿಚರ್ (ಬ್ಯಾಟರ್‌ಗೆ ಬಾಲ್ ಎಸೆಯುವವನು), ಮುಂದೆ ಕಾಲೇಜಿನಲ್ಲೇ ಕೋಚ್ ಆಗ್ತೀನಿ ಅಂತಾನೆ, ಮನೆಯವರು ಮಾತ್ರ "ಆಟದಲ್ಲಿ ಮೇಲೆ ಬರೋಕಾಗದವರು ಹಿಡಿಯೋ ಕೆಲಸ ಅದು" ಅನ್ನುತ್ತಿದ್ದಾರೆ, ಇದು ನಿಜವಾ ಅಂತ ಕೇಳಿದ್ದೀರಿ.

ನಿಜ ಅಲ್ಲ. ಹೀಗೆ ಹೇಳೋಕೆ ನನಗೆ ಒಬ್ಬರೇ ಸಾಕು. ನಾನಿರುವ ಆನ್ ಆರ್ಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ಮೈದಾನಕ್ಕೆ ರೇ ಫಿಶರ್ ಅನ್ನುವವರ ಹೆಸರಿಟ್ಟಿದ್ದಾರೆ. ಇಲ್ಲಿ ಮ್ಯಾಚ್ ನೋಡಲು ಬರುವವರಲ್ಲೂ ಎಷ್ಟೋ ಜನಕ್ಕೆ ಅವರು ಯಾರು ಅಂತ ಗೊತ್ತಿಲ್ಲ. ಅದು ನನಗೆ ಬೇಜಾರಿನ ವಿಷಯ.

ಫಿಶರ್ ಹುಟ್ಟಿದ್ದು 1887ರಲ್ಲಿ, ವರ್ಮಾಂಟ್ ರಾಜ್ಯದ ಮಿಡಲ್‌ಬರಿಯಲ್ಲಿ. ಓದಿದ್ದೂ ಅದೇ ಊರಿನ ಕಾಲೇಜಿನಲ್ಲಿ. 1910ರಿಂದ 1917ರವರೆಗೆ ವೃತ್ತಿಪರ ತಂಡವಾದ ನ್ಯೂಯಾರ್ಕ್ ಯಾಂಕೀಸ್ ಪರ ಆಡಿದರು. 1918 ಪೂರ್ತಿ ಸೈನ್ಯದಲ್ಲಿ ಹೋಯಿತು, ಆಮೇಲೆ ಎರಡು ವರ್ಷ ಸಿನ್ಸಿನಾಟಿ ರೆಡ್ಸ್. ಪಿಚರ್ ಆಗಿ ಅವರ ಹೆಸರಿಗೆ ಒಟ್ಟು 100 ಗೆಲುವು, 94 ಸೋಲು. ಒಂದು ಪೂರ್ತಿ ಪಂದ್ಯಕ್ಕೆ, ಅಂದರೆ ಒಂಬತ್ತು ಇನಿಂಗ್ಸ್‌ಗೆ, ಸರಾಸರಿ 2.82 ರನ್ ಕೊಟ್ಟವರು. ಅವರ ಮುಖ್ಯ ಅಸ್ತ್ರ ಸ್ಪಿಟ್‌ಬಾಲ್, ಅಂದರೆ ಬಾಲಿಗೆ ಎಂಜಲು ಹಚ್ಚಿ ಎಸೆಯುವುದು. ಕ್ರಿಕೆಟ್‌ನಲ್ಲೂ ಕೋವಿಡ್ ಬರುವ ತನಕ ಎಂಜಲು ಹಚ್ಚುತ್ತಿದ್ದರಲ್ವಾ, ಅದು ಒಂದು ಕಡೆ ಹೊಳಪು ಬರಲಿ ಅಂತ. ಇಲ್ಲಿ ಲೆಕ್ಕ ಬೇರೆ. ಒದ್ದೆಯಾದ ಬಾಲ್ ಬೆರಳಿನಿಂದ ಜಾರಿಕೊಂಡು ಹೋಗುತ್ತದೆ, ಜಾಸ್ತಿ ತಿರುಗುವುದಿಲ್ಲ, ಬ್ಯಾಟಿನ ಹತ್ತಿರ ಬಂದಾಗ ಧಬಕ್ಕನೆ ಕೆಳಗೆ ಬೀಳುತ್ತದೆ. 1920ರಲ್ಲಿ ಅದನ್ನು ನಿಷೇಧಿಸಿದಾಗ, ಅದನ್ನೇ ನಂಬಿಕೊಂಡಿದ್ದ 17 ಪಿಚರ್‌ಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅವರಲ್ಲಿ ಫಿಶರ್ ಒಬ್ಬರು. ಅಂದರೆ ಅವರ ಆಟ ಮುಗಿದಿರಲಿಲ್ಲ.

1919ರ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಫೈನಲ್ ಸರಣಿ, ಅದರ ಬಗ್ಗೆ ಕೇಳಿರಬಹುದು. ಶಿಕಾಗೋ ವೈಟ್ ಸಾಕ್ಸ್‌ನ ಎಂಟು ಜನ ಜೂಜುಕೋರರ ಜತೆ ಸೇರಿ ಬೇಕೆಂದೇ ಸೋತರು ಅನ್ನುವ ಹಗರಣ ಅದು. ಎದುರಾಳಿ ಸಿನ್ಸಿನಾಟಿ. ಮೂರನೇ ಪಂದ್ಯ ಶುರು ಮಾಡಿದ ಪಿಚರ್ ಫಿಶರ್. ಎರಡನೇ ಇನಿಂಗ್ಸ್‌ನಲ್ಲಿ ವೈಟ್ ಸಾಕ್ಸ್‌ನ ಜೋ ಜಾಕ್ಸನ್ ಒಂದನೇ ಬೇಸ್‌ನಲ್ಲಿದ್ದಾಗ (ರನ್ ಗಳಿಸಲು ಓಡಿ ಮುಟ್ಟಬೇಕಾದ ನಾಲ್ಕು ನಿಲ್ದಾಣಗಳಲ್ಲಿ ಮೊದಲನೆಯದು) ಮುಂದಿನ ಬ್ಯಾಟರ್ ಬಾಲನ್ನು ಮೆತ್ತಗೆ ತಟ್ಟಿ ಪಿಚರ್ ಕಡೆ ಉರುಳಿಸಿದ. ಫಿಶರ್ ಹಿಡಿದು, ತಿರುಗಿ, ಎರಡನೇ ಬೇಸ್‌ಗೆ ಎಸೆದರು. ಗುರಿ ತಪ್ಪಿ ಬಾಲ್ ಹಿಂದಕ್ಕೆ ಹೋಯಿತು. ಅದರ ಹಿಂದೆಯೇ ಬಂದ ಒಂದು ಹೊಡೆತಕ್ಕೆ ಎರಡು ರನ್. ಪಂದ್ಯ 3-0ಗೆ ಕೈಬಿಟ್ಟಿತು. ಸೋಲಲು ದುಡ್ಡು ಪಡೆದವರ ತಂಡ ಗೆದ್ದ ದಿನ, ಪ್ರಾಮಾಣಿಕವಾಗಿ ಆಡಿದವರು ಸೋತರು.

ಮುಂದೆ ಆಗಿದ್ದು ಇನ್ನೂ ಅನ್ಯಾಯ. 1921ಕ್ಕೆ ಕ್ಲಬ್ಬು ಫಿಶರ್ ಸಂಬಳದಲ್ಲಿ 1,000 ಡಾಲರ್ ಕಡಿಮೆ ಮಾಡಿತು. ಅದೇ ಹೊತ್ತಿಗೆ ಮಿಶಿಗನ್‌ನಲ್ಲಿ ಕೋಚ್ ಜಾಗ ಖಾಲಿ ಇತ್ತು. ಮ್ಯಾನೇಜರ್‌ಗೆ ಹೇಳಿಯೇ ಹೋಗಿ ಮಾತಾಡಿಕೊಂಡು ಬಂದರು, ಕೆಲಸ ಒಪ್ಪಿಕೊಂಡರು. ವಯಸ್ಸು 33. ಆದರೆ ಕರಾರಿನ ಪ್ರಕಾರ ಹತ್ತು ದಿನ ಮೊದಲೇ ನೋಟಿಸ್ ಕೊಟ್ಟಿಲ್ಲ ಅಂತ ಕ್ಲಬ್ಬಿನವರು ತಕರಾರು ತೆಗೆದರು. ಬೇಸ್‌ಬಾಲ್‌ನ ಮೊದಲ ಕಮಿಷನರ್ (ಆಟದ ಆಡಳಿತದ ಮುಖ್ಯಸ್ಥ), ಜಡ್ಜ್ ಆಗಿದ್ದ ಲ್ಯಾಂಡಿಸ್, ಫಿಶರ್ ಅವರನ್ನು ಶಾಶ್ವತವಾಗಿ ಅನರ್ಹ ಅಂತ ಪಟ್ಟಿಗೆ ಸೇರಿಸಿಬಿಟ್ಟರು. ಆ ಎಂಟು ಜನರನ್ನು ಹೊರಗಟ್ಟಿದ್ದೂ ಅದೇ ವರ್ಷ, ಅದೇ ಲ್ಯಾಂಡಿಸ್. ಮೋಸ ಮಾಡಿದವರಿಗೂ, ಕೆಲಸ ಬದಲಿಸಿದ ಒಬ್ಬ ಸಂಸಾರಸ್ಥನಿಗೂ ಒಂದೇ ಶಿಕ್ಷೆ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಫಿಶರ್ ಮಾತ್ರ ಮಿಶಿಗನ್ ಬಿಟ್ಟು ಅಲ್ಲಾಡಲಿಲ್ಲ. 1921ರಿಂದ 1958ರವರೆಗೆ 38 ಸೀಸನ್. 600ಕ್ಕೂ ಹೆಚ್ಚು ಗೆಲುವು. ಈ ಭಾಗದ ದೊಡ್ಡ ವಿಶ್ವವಿದ್ಯಾಲಯಗಳ ಬಿಗ್ ಟೆನ್ ಕೂಟದಲ್ಲಿ ಮತ್ತೆ ಮತ್ತೆ ಚಾಂಪಿಯನ್. 1929ರಲ್ಲಿ ಮತ್ತು 1932ರಲ್ಲಿ ಹುಡುಗರನ್ನು ಜಪಾನ್‌ಗೆ ಕರೆದುಕೊಂಡು ಹೋಗಿ ಆಡಿಸಿದರು. 1953ರಲ್ಲಿ, 65ನೇ ವಯಸ್ಸಿನಲ್ಲಿ, ಒಮಾಹಾದಲ್ಲಿ ನಡೆದ ಕಾಲೇಜ್ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯದಲ್ಲಿ ಟೆಕ್ಸಸ್ ಅನ್ನು 7-5ರಿಂದ ಸೋಲಿಸಿ ದೇಶಕ್ಕೇ ಮೊದಲಿಗರಾದರು. ಅವರ ಕೈಯಲ್ಲಿ ಪಳಗಿದ ಡಿಕ್ ವೇಕ್‌ಫೀಲ್ಡ್ ಎಂಬ ಹುಡುಗನಿಗೆ 1941ರಲ್ಲಿ ಡೆಟ್ರಾಯಿಟ್ ಟೈಗರ್ಸ್ 52,000 ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡಿತು. ಆ ಕಾಲಕ್ಕೆ ಅದು ಕಣ್ಣರಳಿಸುವ ಮೊತ್ತ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರಾಬಿನ್ ರಾಬರ್ಟ್ಸ್ ವಿಷಯ. ಈ ರಾಬರ್ಟ್ಸ್ ಮಿಶಿಗನ್ ಸ್ಟೇಟ್‌ನ ಪಿಚರ್, ಅಂದರೆ ಪಕ್ಕಾ ಎದುರಾಳಿ ಕಾಲೇಜಿನ ಹುಡುಗ. ಫಿಶರ್ ರಜೆಯಲ್ಲೂ ಸುಮ್ನೆ ಕೂರುತ್ತಿರಲಿಲ್ಲ, ವರ್ಮಾಂಟ್‌ಗೆ ಹೋಗಿ ಅಲ್ಲಿನ ಬೇಸಿಗೆ ಲೀಗ್‌ನ ತಂಡಕ್ಕೆ ಕೋಚ್ ಆಗುತ್ತಿದ್ದರು. 1946 ಮತ್ತು 1947ರ ಬೇಸಿಗೆಯಲ್ಲಿ ರಾಬರ್ಟ್ಸ್ ಅಲ್ಲಿ ಅವರ ಕೈಕೆಳಗೆ ಆಡಿದ. ಕಾಲೇಜು ಶುರುವಾದರೆ ಇದೇ ಹುಡುಗ ತಮ್ಮ ತಂಡದ ಮೇಲೆಯೇ ಎಸೆಯುವವನು ಅಂತ ಗೊತ್ತಿದ್ದೂ ಕಲಿಸಿದರು. ಆ ಹುಡುಗ ಮುಂದೆ ಅಮೆರಿಕದ ಅತಿ ಮೇಲಿನ ವೃತ್ತಿಪರ ಹಂತವಾದ ಮೇಜರ್ ಲೀಗ್‌ನಲ್ಲಿ 286 ಪಂದ್ಯ ಗೆದ್ದು, ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಕೋಚ್ ಅಂದರೆ ಹೀಗಿರಬೇಕು ಅಂತ ನನಗನ್ನಿಸುತ್ತದೆ.

ಇನ್ನೊಂದು ಮಾತು. ಕಾಲೇಜಿನಿಂದ ನಿವೃತ್ತಿಯಾದ ಮೇಲೆ, 1960ರ ದಶಕದಲ್ಲಿ, ಮೇಜರ್ ಲೀಗ್ ತಂಡಗಳೇ ಅವರನ್ನು ಕರೆಸಿ ತಮ್ಮ ಪಿಚರ್‌ಗಳಿಗೆ ಪಾಠ ಹೇಳಿಸಿಕೊಂಡವು. ಆದರೂ ಕಾಗದದಲ್ಲಿ ನಿಷೇಧ ಹಾಗೇ ಇತ್ತು. ಅದು ಸರಿಹೋಗಿದ್ದು 1980ರಲ್ಲಿ. ಆಗಿನ ಕಮಿಷನರ್ ಬೋವಿ ಕೂನ್, ಫಿಶರ್ ಅವರನ್ನು ಒಳ್ಳೆ ಹೆಸರಿನ ನಿವೃತ್ತ ಆಟಗಾರ ಅಂತ ಒಪ್ಪಿಕೊಂಡರು. ಅಷ್ಟರಲ್ಲಿ 59 ವರ್ಷ ಕಳೆದಿತ್ತು. 1982ರಲ್ಲಿ, 95 ತುಂಬಿದ ಮೇಲೆ, ಫಿಶರ್ ತೀರಿಕೊಂಡರು.

ಅದಕ್ಕೇ ಹೇಳಿದ್ದು, ಮೇಲೆ ಬರೋಕಾಗದೆ ಹಿಡಿದ ಕೆಲಸ ಅಲ್ಲ ಇದು. ಕೈಯಲ್ಲಿ ಇನ್ನೂ ಆಟ ಇರುವಾಗಲೇ ಆರಿಸಿಕೊಂಡರು. ನಿಮ್ಮ ಹುಡುಗನಿಗೂ ನಿಜವಾಗಿ ಆಸೆ ಇದ್ದರೆ ಡಿಗ್ರಿ ಮುಗಿಯುವ ತನಕ ಕಾಯುವುದು ಬೇಡ. ಅವನ ಸುತ್ತಮುತ್ತಲಿನ ಬೇಸಿಗೆ ಲೀಗ್‌ಗಳಲ್ಲಿ ಚಿಕ್ಕ ಹುಡುಗರಿಗೆ ಪಿಚಿಂಗ್ ಹೇಳಿಕೊಡಲು ಜನ ಬೇಕಾ ಅಂತ ವಿಚಾರಿಸಲಿ. ಒಂದು ಬೇಸಿಗೆ ಕಲಿಸಿ ನೋಡಲಿ. ಬೇರೆಯವರ ಎಸೆತ ನೋಡಿಕೊಂಡು ದಿನವಿಡೀ ನಿಲ್ಲುವುದು ಅವನಿಗೆ ಇಷ್ಟವಾಗುತ್ತದಾ ಇಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ. ಮನೆಯವರಿಗೆ ಫಿಶರ್ ವಿಷಯ ನೀವೇ ಹೇಳಿ.